‘ಓಡಿಸಿದವರು’ ಎಂಬ ಸಾಲಿನ ಕೆಳಗೆ ‘ಸಾಕಿದವರು’ ಎಂಬ ಸಾಲೂ ಬರಲಿ: ಕಂಬಳ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳ ಜೋಡುಕರೆ (ಎರಡು ಓಟದ ಹಾದಿಗಳ) ಕಂಬಳ ಸಮಿತಿಗಳ ಅಧ್ಯಕ್ಷರು ಹಾಗೂ ಪದಾಧಿಕಾರಿಗಳು
ಪ್ರತಿ: ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಮತ್ತು ಪಶುಪಾಲನಾ ಇಲಾಖೆಯ ಅಧಿಕಾರಿಗಳಿಗೆ

ಮಾನ್ಯರೇ,

ಪ್ರತಿ ಕಂಬಳ ಮುಗಿದ ಮರುದಿನ ಫಲಿತಾಂಶದ ಪಟ್ಟಿ ಬರುತ್ತದೆ. ಯಾವ ವಿಭಾಗದಲ್ಲಿ ಎಷ್ಟು ಜೊತೆ ಕೋಣ, ಪ್ರಥಮ ಯಾರು, ದ್ವಿತೀಯ ಯಾರು, ಮನೆಯ ಹೆಸರು, ಯಜಮಾನರ ಹೆಸರು, ಒಂದೇ ಮನೆಯ ಎರಡು ಜೊತೆ ಇದ್ದರೆ ‘ಎ’, ‘ಬಿ’. ಅದರ ಕೆಳಗೆ ಹಗ್ಗ, ನೇಗಿಲು ಎಂಬ ವಿಭಾಗಗಳಿಗೆ ‘ಓಡಿಸಿದವರು’, ಓಟಗಾರ ಹಲಗೆಯ ಮೇಲೆ ನಿಂತು ಸಾಗುವ ಹಲಗೆ ವಿಭಾಗಕ್ಕೆ ‘ಹಲಗೆ ಮುಟ್ಟಿದವರು’. ಅಲ್ಲಿಗೆ ಪಟ್ಟಿ ಮುಗಿಯುತ್ತದೆ. ಬೆಳಗ್ಗೆ ಹುರುಳಿ ಬೇಯಿಸಿದವರು, ಸಂಜೆ ಮೈಗೆ ಎಣ್ಣೆ ತಿಕ್ಕಿದವರು, ರಾತ್ರಿಯೆಲ್ಲ ಲಾರಿಯಲ್ಲಿ ಕೋಣದ ಕಾಲ ಬುಡದಲ್ಲಿ ಕುಳಿತು ಬಂದವರು, ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಟ್ಟವರು, ಓಟ ಮುಗಿಯುವ ಮಂಜೊಟ್ಟಿಯಲ್ಲಿ ಓಡಿ ಬಂದ ಕೋಣವನ್ನು ಹಿಡಿದು ನಿಲ್ಲಿಸಿದವರು, ಇವರಲ್ಲಿ ಒಬ್ಬರ ಹೆಸರೂ ಆ ಪಟ್ಟಿಯಲ್ಲಿಲ್ಲ.

ಓಟದ ಕೋಣ ಸಾಕುವ ಮನೆಗಳವರಾದ ನಾವು ನಿಮ್ಮಲ್ಲಿ ಮೊದಲು ಕೇಳುವುದು ಒಂದು ಸಾಲು: ‘ಸಾಕಿದವರು’. ಇದನ್ನು ಸನ್ಮಾನದ ಆಸೆಯೆಂದು ತಿಳಿಯಬೇಡಿ. ಈ ಸಾಲು ಯಾಕೆ ಬೇಕು, ಅದರ ಜೊತೆಗೆ ಇನ್ನೇನು ಬೇಕು ಎಂಬುದನ್ನು ವಿವರವಾಗಿ ಹೇಳಬೇಕಾಗಿದೆ. ದಯವಿಟ್ಟು ಪೂರ್ತಿ ಓದಿ.

ಕಂಬಳ ಇಂದು ನಡೆಯುತ್ತಿರುವುದು ಯಾವ ಆಧಾರದ ಮೇಲೆ ಎಂಬುದು ನಿಮಗೆ ಗೊತ್ತಿದೆ. 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳ ವಿರುದ್ಧ ಸುಪ್ರೀಂ ಕೋರ್ಟಿನ ತೀರ್ಪು ಬಂತು. 2016ರ ನವೆಂಬರಿನಲ್ಲಿ ಹೈಕೋರ್ಟ್ ಕಂಬಳಕ್ಕೂ ತಡೆ ನೀಡಿತು. 2017ರ ಜನವರಿಯಲ್ಲಿ ಮಂಗಳೂರು, ಮೂಡುಬಿದಿರೆಗಳಲ್ಲಿ ಜನ ಬೀದಿಗಿಳಿದರು. ಫೆಬ್ರವರಿ 13ರಂದು ವಿಧಾನಸಭೆ ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿ ಮಸೂದೆ ಅಂಗೀಕರಿಸಿತು, ಆಮೇಲೆ ಅದೇ ವರ್ಷ ತಂದ ಎರಡನೇ ತಿದ್ದುಪಡಿಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಆ ತೀರ್ಪು ಎರಡು ಕಾಲುಗಳ ಮೇಲೆ ನಿಂತಿದೆ. ಇದು ಜನರ ಸಂಸ್ಕೃತಿಯ ಭಾಗವೆಂದು ಶಾಸಕಾಂಗ ಹೇಳಿರುವುದು ಒಂದು, ಪ್ರಾಣಿಗೆ ಆಗುವ ನೋವು ತಗ್ಗುವಂತೆ ಕಾನೂನು ನೋಡಿಕೊಂಡಿರುವುದು ಇನ್ನೊಂದು. ನಿಯಮಗಳ ಕಟ್ಟುನಿಟ್ಟಿನ ಪಾಲನೆಗೆ ಜಿಲ್ಲಾಡಳಿತವೇ ಹೊಣೆ ಎಂದೂ ಅದೇ ತೀರ್ಪು ಹೇಳಿದೆ.

ಆ ಎರಡೂ ಕಾಲುಗಳು ಊರಿರುವುದು ನಮ್ಮ ಹಟ್ಟಿಗಳಲ್ಲಿ, ಕೋಣ ಕಟ್ಟುವ ಕೊಟ್ಟಿಗೆಗಳಲ್ಲಿ. ಮನೆ ಮತ್ತು ಊರು ಕೈಬಿಟ್ಟ ದಿನ ಕಂಬಳ ಒಂದು ಪ್ರದರ್ಶನವಾಗುತ್ತದೆ. ಪ್ರದರ್ಶನಕ್ಕೆ ಆ ಕಾನೂನಿನ ರಕ್ಷಣೆ ಎಷ್ಟು ದಿನ ಸಿಕ್ಕೀತು?

ಹಟ್ಟಿಯ ಕೆಲಸ ಏನೆಂದು ಸಮಿತಿಯ ಹಿರಿಯರಿಗೆ ಗೊತ್ತು. ಈಚೆಗೆ ಸೇರಿದ ಎಳೆಯರಿಗೆ ಗೊತ್ತಿರಲಾರದು ಎಂದು ಬರೆಯುತ್ತಿದ್ದೇವೆ. ಓಟದ ಕಾಲದಲ್ಲಿ ಒಂದು ಕೋಣಕ್ಕೆ ದಿನಕ್ಕೆ ಮೂರರಿಂದ ಐದು ಕಿಲೋ ಹುರುಳಿ ಬೇಕು. ನಾಲ್ಕು ಕಿಲೋ ಎಂದು ಹಿಡಿದರೂ ಒಂದು ಜೊತೆಗೆ ಐದು ತಿಂಗಳಲ್ಲಿ 12 ಕ್ವಿಂಟಾಲ್ ಆಗುತ್ತದೆ. ಅದನ್ನು ನೆನೆಸಿ, ಬೆರಳಲ್ಲಿ ಹಿಸುಕಿದರೆ ನುರಿಯುವಷ್ಟು ಬೇಯಿಸಿ, ಆರಿಸಿ ಕೊಡಬೇಕು. ಅರೆಬೆಂದರೆ ಹೊಟ್ಟೆ ಉಬ್ಬರಿಸುತ್ತದೆ. ಮಳೆಗಾಲವೆಲ್ಲ ಹಸಿಹುಲ್ಲಿನ ಮೇಲೆ ಇದ್ದ ಕೋಣಕ್ಕೆ ಒಂದೇ ವಾರದಲ್ಲಿ ಹುರುಳಿ ಏರಿಸಿದರೆ ಹೊಟ್ಟೆಯೊಳಗೆ ಹುಳಿ ಹೆಚ್ಚಿ ಮೇವು ಬಿಡುತ್ತದೆ, ಸಗಣಿ ನೀರಾಗುತ್ತದೆ, ಗೊರಸು ಬಿಸಿಯಾಗಿ ಹೆಜ್ಜೆ ಊರಲು ಹಿಂಜರಿಯುತ್ತದೆ. ಆದ್ದರಿಂದ ಅರ್ಧ ಕಿಲೋದಿಂದ ಹಿಡಿದು ಮೂರು ನಾಲ್ಕು ವಾರದಲ್ಲಿ ಮೆಲ್ಲನೆ ಏರಿಸಬೇಕು, ಜೊತೆಗೆ ಬೈಹುಲ್ಲು ಎಂದೂ ಕಡಿಮೆಯಾಗಬಾರದು. ದಿನಾ ಕೆರೆಯಲ್ಲಿ ಈಜಿಸಬೇಕು. ಈಜಿನಲ್ಲಿ ಗಂಟುಗಳ ಮೇಲೆ ಭಾರ ಬೀಳದೆ ಉಸಿರು ಬೆಳೆಯುತ್ತದೆ, ಆ ಲಾಭ ನಡಿಗೆಯಿಂದ ಸಿಗುವುದಿಲ್ಲ. ಆಮೇಲೆ ತೆಂಗಿನೆಣ್ಣೆ, ತಿಕ್ಕು, ಬಿಸಿನೀರು. ತಿಕ್ಕುವ ಕೈಗೆ ಮೊದಲು ತಿಳಿಯುವುದು ಬಾವು ಎಲ್ಲಿದೆ ಎಂಬುದು. ವೈದ್ಯರ ಕಣ್ಣಿಗೆ ಕುಂಟು ಕಾಣುವ ಎರಡು ದಿನ ಮೊದಲೇ ಆ ಕೈಗೆ ಗೊತ್ತಾಗಿರುತ್ತದೆ.

ಆ ಕೈ ಬಹಳ ಮನೆಗಳಲ್ಲಿ ಹೆಂಗಸಿನದು ಅಥವಾ ವರ್ಷಗಟ್ಟಲೆ ಹಟ್ಟಿಯಲ್ಲೇ ಇರುವ ಕೆಲಸದವರದು. ಕೋಣದ ಕರುವನ್ನು ಎರಡು ಮೂರು ವರ್ಷ ಸಾಕಿ, ಜನರ ಗದ್ದಲಕ್ಕೆ, ವಾದ್ಯದ ಸದ್ದಿಗೆ, ನೊಗದ ಭಾರಕ್ಕೆ ಒಂದೊಂದಾಗಿ ಒಗ್ಗಿಸುವುದು ಅವರೇ. ಹಾಲುಹಲ್ಲು ಬಿದ್ದು ಮೊದಲ ಜೋಡಿ ದೊಡ್ಡ ಹಲ್ಲು ಬರುವುದು ಹೆಚ್ಚುಕಡಿಮೆ ಮೂರು ವರ್ಷದ ಹೊತ್ತಿಗೆ. ಹಲ್ಲು ನೋಡಿಯೇ ನೀವು ಕಿರಿಯ, ಹಿರಿಯ ಎಂದು ವಿಂಗಡಿಸುತ್ತೀರಿ. ಆ ಮೂರು ವರ್ಷದ ಲೆಕ್ಕ ಇಟ್ಟವರನ್ನು ವೇದಿಕೆಗೆ ಒಮ್ಮೆಯೂ ಕರೆದದ್ದಿಲ್ಲ. ಬಹುಮಾನದ ಚಿನ್ನದ ಪವನು ಯಜಮಾನರಿಗೆ ಸಲ್ಲುತ್ತದೆ, ಓಟಗಾರನಿಗೆ ಯಜಮಾನರು ಕೊಟ್ಟಷ್ಟು. ಹಟ್ಟಿಯವರ ಪಾಲು ಎಲ್ಲಿಯೂ ಬರೆದಿಟ್ಟಿಲ್ಲ. ಎರಡು ಪವನಿನ ಪ್ರಥಮ ಬಹುಮಾನದಲ್ಲಿ ಅರ್ಧ ಪವನಿನ ಬೆಲೆಯನ್ನು ಸಾಕಿದವರ ಹೆಸರಿಗೇ ನಗದಾಗಿ ಕೊಡುವ ನಿಯಮ ತನ್ನಿ. ದೊಡ್ಡ ಮನೆಗಳಿಗೆ ಇದು ಹೊರೆಯಾಗದು.

ಇನ್ನು ಓಟಗಾರರ ವಿಷಯ. 2020ರಲ್ಲಿ ಐಕಳದ ಕರೆಯಲ್ಲಿ (ಕೆಸರಿನ ಓಟದ ಹಾದಿಯಲ್ಲಿ) ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ತಿರುಗಿ ನೋಡಿತು, ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಅದರಿಂದ ಕಂಬಳಕ್ಕೆ ಗೌರವ ಬಂದದ್ದು ನಿಜ, ನಮಗೂ ಹೆಮ್ಮೆಯೇ. ಆದರೆ ಅಂದಿನಿಂದ ಎಲ್ಲರ ಗಮನ ಆ ಹದಿಮೂರು ಸೆಕೆಂಡಿಗೇ ಅಂಟಿಕೊಂಡಿದೆ. ಹಿಂದೆ ಓಟಗಾರ ಆ ಮನೆಯವನೋ, ಆ ಗದ್ದೆಯ ಒಕ್ಕಲಿನವನೋ ಆಗಿರುತ್ತಿದ್ದ. ಕುದಿ (ಕಂಬಳಕ್ಕೆ ಮೊದಲಿನ ಅಭ್ಯಾಸದ ಓಟ) ಓಡಿಸುವಾಗಿನಿಂದಲೂ ಅದೇ ಜೊತೆ, ಅದೇ ದನಿ. ಈಗ ಹೆಸರಾಂತ ಓಟಗಾರರು ಒಂದೇ ದಿನ ಬೇರೆ ಬೇರೆ ವಿಭಾಗಗಳಲ್ಲಿ ಬೇರೆ ಬೇರೆ ಯಜಮಾನರ ಕೋಣ ಓಡಿಸುತ್ತಾರೆ. ಅದು ಅವರ ದುಡಿಮೆ, ತಪ್ಪೆನ್ನಲಾರೆವು. ಆದರೆ ಕೋಣದ ಮಟ್ಟಿಗೆ ಏನಾಗುತ್ತದೆ ನೋಡಿ. ಪರಿಚಯದ ದನಿಗೆ ಓಡುವ ಪ್ರಾಣಿ ಅಪರಿಚಿತ ದನಿಗೆ ಗಂತಿನಲ್ಲೇ ಅಡ್ಡ ತಿರುಗುತ್ತದೆ. ಒಂದು ಕೋಣ ಮುಂದೆ ಎಳೆಯುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ, ನೊಗ ಓರೆಯಾಗುತ್ತದೆ. ಆಗ ಹೊರಬರುವುದು ಬೆತ್ತ. ಬೆತ್ತದ ಬರೆಯ ಒಂದು ಚಿತ್ರ ಸಾಕು, ನಾವೆಲ್ಲ ಮತ್ತೆ ನ್ಯಾಯಾಲಯದ ಮೆಟ್ಟಿಲಲ್ಲಿ ನಿಂತಿರುತ್ತೇವೆ.

ಆದ್ದರಿಂದ ಕಂಬಳಕ್ಕೆ ಮೊದಲು ಒಬ್ಬ ಓಟಗಾರ ಆ ಜೊತೆಯನ್ನು ಕನಿಷ್ಠ ನಾಲ್ಕು ಸಲ ಕುದಿಯಲ್ಲಿ ಓಡಿಸಿರಬೇಕು, ಅದಕ್ಕೆ ಸಾಕಿದವರ ಸಹಿ ಇರಬೇಕು ಎಂದು ನೋಂದಣಿ ಚೀಟಿಯಲ್ಲೇ ಸೇರಿಸಿ. ಒಂದು ದಿನದಲ್ಲಿ ಒಬ್ಬ ಓಟಗಾರನಿಗೆ ಎರಡು ಜೊತೆಗಿಂತ ಹೆಚ್ಚು ಬೇಡ. ಮಿಯಾರಿನ ಕಂಬಳ ಅಕಾಡೆಮಿ 2011ರಿಂದ ಎಳೆಯ ಓಟಗಾರರನ್ನು ತರಬೇತುಗೊಳಿಸುತ್ತಾ ಬಂದಿರುವುದರಿಂದ ಓಟಗಾರರ ಬರ ಇದೆ ಎಂಬ ನೆಪಕ್ಕೂ ಈಗ ಬಲವಿಲ್ಲ.

ಈಗ ನಮ್ಮ ಎಲ್ಲಕ್ಕಿಂತ ದೊಡ್ಡ ದೂರು: ಹೊತ್ತು.

ಲೆಕ್ಕ ಹಾಕೋಣ. ಕನೆ ಹಲಗೆಯನ್ನು ಬಿಡಿ, ಅಲ್ಲಿ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆ ಮುಟ್ಟಿತೋ ಎಂಬುದಷ್ಟೇ ಪ್ರಶ್ನೆ. ಉಳಿದದ್ದು ಅಡ್ಡ ಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಈ ಐದು ವಿಭಾಗಕ್ಕೆ ಒಟ್ಟು 150 ಜೊತೆ ಬಂದಿವೆ ಎನ್ನಿ. ಸೋತವರು ಹೊರಗೆ ಎಂಬ ಕ್ರಮದಲ್ಲಿ ಐವರು ವಿಜೇತರು ಉಳಿಯುವ ತನಕ 145 ಓಟ ಬೇಕು. ಒಂದು ಓಟಕ್ಕೆ 14 ಸೆಕೆಂಡು. ಅಂದರೆ ಕೋಣಗಳು ಕರೆಯಲ್ಲಿ ನಿಜವಾಗಿ ಓಡುವ ಹೊತ್ತು ಎಲ್ಲ ಸೇರಿ 34 ನಿಮಿಷ. ಗಂತಿನಲ್ಲಿ ಒಂದು ಓಟಕ್ಕೆ ನಾಲ್ಕು ನಿಮಿಷ ಹಿಡಿದರೆ ಕಂಬಳ ಸುಮಾರು ಹತ್ತು ಗಂಟೆಯಲ್ಲಿ ಮುಗಿಯುತ್ತದೆ. ಹತ್ತು ನಿಮಿಷ ಹಿಡಿದರೆ 24 ಗಂಟೆ ದಾಟುತ್ತದೆ. ಬೆಳಗ್ಗೆ ಉದ್ಘಾಟನೆಯಾದ ಕಂಬಳದ ಫೈನಲ್ ಮರುದಿನ ನಡೆಯುವುದರ ಕಾರಣ ಈ ಆರು ನಿಮಿಷದಲ್ಲಿದೆ. ಮಂಜೊಟ್ಟಿಯಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಅಳೆಯಲು ಲೇಸರ್ ಕಿರಣ ಇಟ್ಟಿದ್ದೀರಿ. ಗಂತಿನಲ್ಲಿ ಪೋಲಾಗುವ ಗಂಟೆಗಳನ್ನು ಅಳೆಯಲು ಒಂದು ಗಡಿಯಾರ ಇಡುವುದು ಕಷ್ಟವೇ?

ಗಂತಿನಲ್ಲಿ ತಡವಾಗುವುದಕ್ಕೆ ಕಾರಣಗಳನ್ನು ನಾವು ಹತ್ತಿರದಿಂದ ಬಲ್ಲೆವು. ಒಂದು ಜೊತೆ ನೆಟ್ಟಗೆ ನಿಂತಾಗ ಎದುರಿನ ಜೊತೆಯನ್ನು ಬೇಕೆಂದೇ ತಿರುಗಿಸುವುದುಂಟು, ಮೊದಲು ನಿಂತ ಕೋಣ ಕಾದು ಕಾದು ಕಾವು ಕಳೆದುಕೊಳ್ಳಲಿ ಎಂದು. ಗಂತಿನೊಳಗೆ ಒಂದೊಂದು ಜೊತೆಗೆ ಹತ್ತು ಹದಿನೈದು ಮಂದಿ ನುಗ್ಗಿರುತ್ತಾರೆ, ಅರ್ಧ ಜನಕ್ಕೆ ಅಲ್ಲಿ ಕೆಲಸವೇ ಇಲ್ಲ. ವಾದ್ಯದವರನ್ನು ಕೋಣದ ಕಿವಿಯ ಬಳಿಗೇ ತಂದು ನಿಲ್ಲಿಸುತ್ತಾರೆ. ಕರೆದಾಗ ಬರಬೇಕಾದ ಜೊತೆ ಇನ್ನೂ ಲಾರಿಯ ಬಳಿ ಇರುತ್ತದೆ, ಯಜಮಾನರು ದೊಡ್ಡವರೆಂದು ತೀರ್ಪುಗಾರರು ಕಾಯುತ್ತಾರೆ. ಇದಾವುದನ್ನೂ ಸರಿಪಡಿಸಲು ಹಣ ಬೇಕಿಲ್ಲ. ಹೆಸರು ಕರೆದ ಮೇಲೆ ಐದು ನಿಮಿಷ, ಎಲ್ಲರಿಗೂ ಕಾಣುವ ಗಡಿಯಾರ, ಒಂದು ಜೊತೆಗೆ ಐದೇ ಮಂದಿಗೆ ಬಣ್ಣದ ಪಟ್ಟಿ, ಮುಂದಿನ ಎರಡು ಜೊತೆ ನೆರಳಿನಲ್ಲಿ ಸಿದ್ಧ. ಹೊತ್ತು ಮೀರಿಸಿದ ಜೊತೆಗೆ ಸೋಲು, ಮನೆ ಯಾವುದೇ ಇರಲಿ. ಇವುಗಳಲ್ಲಿ ಕೆಲವು ನಿಯಮಗಳು ಕಾಗದದ ಮೇಲೆ ಈಗಾಗಲೇ ಇವೆ ಎಂದು ನೀವು ಹೇಳಬಹುದು. ನಾವು ಕೇಳುತ್ತಿರುವುದು ಒಮ್ಮೆಯಾದರೂ ಅದನ್ನು ದೊಡ್ಡ ಮನೆಯೊಂದಕ್ಕೆ ಅನ್ವಯಿಸಿ ತೋರಿಸಬೇಕೆಂದು.

ಕಾಯುವುದು ಕೋಣಕ್ಕೆ ಓಡುವುದಕ್ಕಿಂತ ಕಷ್ಟ. ದನದ ಹಾಗೆ ಕೋಣ ಬೆವರುವುದಿಲ್ಲ. ಚರ್ಮ ಕಪ್ಪು, ಬೆವರಿನ ಗ್ರಂಥಿ ಕಡಿಮೆ. ನೀರಿನಲ್ಲಿ, ಕೆಸರಿನಲ್ಲಿ ಹೊರಳಿಯೇ ಮೈ ತಂಪು ಮಾಡಿಕೊಳ್ಳುವ ಜೀವ ಅದು. ಫೆಬ್ರವರಿ, ಮಾರ್ಚಿನ ಕರಾವಳಿಯ ಮಧ್ಯಾಹ್ನ ಬಯಲಲ್ಲಿ ಕಟ್ಟಿದರೆ ಒಂದು ಗಂಟೆಯಲ್ಲೇ ಬಾಯಿ ತೆರೆದು ಏದುಸಿರು ಬಿಡುತ್ತದೆ, ನೊರೆ ಸುರಿಯುತ್ತದೆ, ಕಣ್ಣು ಕೆಂಪಾಗುತ್ತದೆ. ಆ ಸ್ಥಿತಿಯ ಕೋಣವನ್ನು ಕರೆಗೆ ಇಳಿಸುವುದು ಹಿಂಸೆಯೇ, ಅದಕ್ಕೆ ಬೇರೆ ಹೆಸರಿಲ್ಲ. ಮೈದಾನದಲ್ಲಿ 300 ಕೋಣಗಳಿದ್ದರೆ, ಒಂದಕ್ಕೆ 40 ಲೀಟರಿನಂತೆ ಕುಡಿಯಲಿಕ್ಕೇ 12,000 ಲೀಟರ್ ನೀರು ಬೇಕು. ಮೈಗೆ ಹೊಯ್ಯಲು ಬೇರೆ. ಗಣ್ಯರ ಚಪ್ಪರಕ್ಕೆ ಹಾಕುವ ತಗಡಿನ ಅರ್ಧವಾದರೂ ಕೋಣ ಕಟ್ಟುವ ಜಾಗಕ್ಕೆ ಬರಲಿ. 32 ಜೊತೆ ಇರುವ ವಿಭಾಗದಲ್ಲಿ ಗೆಲ್ಲುವ ಜೊತೆ ಐದು ಸಲ ಓಡಬೇಕಾಗುತ್ತದೆ. ಎರಡು ಓಟಗಳ ನಡುವೆ ಎರಡು ಗಂಟೆ ಬಿಡುವು ಕಡ್ಡಾಯವಾಗಲಿ. ಓಡಿಸಬಾರದೆಂದು ಪಶುವೈದ್ಯರು ಹೇಳಿದರೆ ಅದೇ ಕೊನೆಯ ಮಾತಾಗಲಿ. ಸಾಕಿದವರಿಗೂ ಅದೇ ಹಕ್ಕು ಕೊಡಿ: ಯಜಮಾನರು ಒಪ್ಪದಿದ್ದರೂ ಜೊತೆಯನ್ನು ಹಿಂದಕ್ಕೆ ಪಡೆಯುವ ಹಕ್ಕು.

ಕರೆಯ ಹದದ ಬಗ್ಗೆ ಎರಡು ಮಾತು. ಮಣ್ಣು ಮರಳಿನ ಪಾಕ ಗಟ್ಟಿಯಾದರೆ ಕಾಲು ಸಿಕ್ಕಿಕೊಂಡು ಸ್ನಾಯು ಸೆಳೆಯುತ್ತದೆ. ತೆಳುವಾದರೆ ಗೊರಸು ಅಡಿಯ ಮುರಕಲ್ಲಿಗೆ ತಾಗುತ್ತದೆ. ಹತ್ತಿಪ್ಪತ್ತು ಓಟವಾದ ಮೇಲೆ ಕರೆಯ ನಡುವೆ ಗುಂಡಿ ಬೀಳುತ್ತದೆ, ಮೇಲಿನ ನೀರು ಅದನ್ನು ಮರೆಮಾಡುತ್ತದೆ, ಮುಂಗಾಲು ಅದರಲ್ಲೇ ಹೂತುಹೋಗುತ್ತದೆ. 25 ಓಟಕ್ಕೊಮ್ಮೆ ಕರೆ ನಿಲ್ಲಿಸಿ ಮಟ್ಟ ಮಾಡಿ. ಅದಕ್ಕೆ ಹೋಗುವುದು ಹದಿನೈದು ನಿಮಿಷ. ರಾತ್ರಿಯ ಓಟಗಳಲ್ಲಿ ಈ ಗುಂಡಿಗಳಿಂದಲೇ ಓಟಗಾರರೂ ಬೀಳುತ್ತಾರೆ.

ಬಿದ್ದ ಓಟಗಾರನ ಮನೆಯವರಿಗೆ ಏನಿದೆ? ಹಗ್ಗವನ್ನು ಮುಂಗೈಗೆ ಸುತ್ತಿಕೊಂಡವನು ಬಿದ್ದರೆ ಕೈ ಬಿಡಿಸಿಕೊಳ್ಳಲಾಗದೆ ಮಂಜೊಟ್ಟಿಯ ತನಕ ಎಳೆಯಲ್ಪಡುತ್ತಾನೆ, ಭುಜದ ಕೀಲು ತಪ್ಪುತ್ತದೆ. ಕಾಲಿನ ಗಾಯಕ್ಕೆ ಕೆಸರುನೀರು ತಾಗಿದರೆ ಧನುರ್ವಾಯು, ಇಲಿಜ್ವರದ ಭಯ. ಅಮೆರಿಕದ ರೋಡಿಯೋ ಕೂಡ ನಮ್ಮ ಹಾಗೆಯೇ ದನ ಸಾಕುವ ಮನೆಗಳಿಂದ ಬೆಳೆದ ಆಟ. ಅಲ್ಲಿ ಸ್ಪರ್ಧೆಯಲ್ಲಿ ಗಾಯಗೊಂಡು ಮನೆಯಲ್ಲಿ ಕೂರಬೇಕಾದ ವೃತ್ತಿ ಸವಾರರಿಗೆ ನೆರವಾಗಲೆಂದು ‘ಜಸ್ಟಿನ್ ಕೌಬಾಯ್ ಕ್ರೈಸಿಸ್ ಫಂಡ್’ ಎಂಬ ನಿಧಿ ಇದೆ. ಬೂಟು ತಯಾರಿಸುವ ಕಂಪೆನಿಯೂ ಸವಾರರ ಸಂಘಗಳೂ ಕೈಜೋಡಿಸಿ ಕಟ್ಟಿದ್ದು. ನಮ್ಮ ಕಂಬಳಗಳ ಬ್ಯಾನರುಗಳಲ್ಲಿ ಪ್ರಾಯೋಜಕರ ಹೆಸರುಗಳಿಗೆ ಕೊರತೆಯಿಲ್ಲ. ಪ್ರತಿ ಜೊತೆಯ ನೋಂದಣಿಯಿಂದ ಒಂದು ಮೊತ್ತ, ಪ್ರತಿ ಪ್ರಾಯೋಜಕರಿಂದ ಒಂದು ಪಾಲು ಸೇರಿಸಿ ಅಂಥದ್ದೊಂದು ನಿಧಿ ಕಟ್ಟಿ. ಅದರಲ್ಲಿ ಓಟಗಾರರ ಜೊತೆಗೆ ಕೋಣ ಬಿಡುವವರು, ಹಿಡಿಯುವವರು, ಹಟ್ಟಿಯ ಕೆಲಸದವರೂ ಇರಲಿ. ಒದೆ ತಿನ್ನುವುದು ಹೆಚ್ಚಾಗಿ ಅವರೇ.

‘ಊರಿನ ಕಂಬಳ’ ಎಂದು ಹೇಳುವಾಗ ನಾವು ತಲೆ ತಗ್ಗಿಸಬೇಕಾದ ವಿಷಯವನ್ನೂ ಇಲ್ಲಿ ಬರೆಯದೆ ಹೋಗಲಾರೆವು. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಇಬ್ಬನಿಯಲ್ಲಿ ಕೂರಿಸಿ ಡೋಲು ಬಾರಿಸುವಂತೆ ಮಾಡುವುದು, ಕೋಣಗಳಿಗಿಂತ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುವುದು, ಇವೆಲ್ಲ ಸಂಪ್ರದಾಯದ ಹೆಸರಿನಲ್ಲೇ ನಡೆದವು. 2000ದ ಕಾಯ್ದೆ ಇಂಥ ಹೀನಾಯ ಕಟ್ಟುಪಾಡುಗಳ ಅಜಲು ಪದ್ಧತಿಯನ್ನು ನಿಷೇಧಿಸಿತು. ಕಾಯ್ದೆ ಬಂದು ಇಷ್ಟು ವರ್ಷವಾದರೂ ಕಂಬಳದ ಸಮುದಾಯದಲ್ಲಿ ಅವರ ಜಾಗ ಯಾವುದು ಎಂದು ಸಮಿತಿಗಳು ಬಾಯಿಬಿಟ್ಟು ಹೇಳಿಲ್ಲ. ಡೋಲಿನವರನ್ನು ಕರೆಯುವುದಾದರೆ ಕಲಾವಿದರೆಂದು ಕರೆಯಿರಿ. ಬರುವುದು ಬಿಡುವುದು ಅವರ ಇಚ್ಛೆಯಾಗಿರಲಿ, ಸಂಭಾವನೆ ಬರಹದಲ್ಲಿರಲಿ, ಊಟ ಎಲ್ಲರ ಪಂಕ್ತಿಯಲ್ಲಿ ಆಗಲಿ. ಸಮಿತಿಯಲ್ಲಿ ಆ ಸಮುದಾಯದ ಒಬ್ಬರಿಗೆ ಸ್ಥಾನ ಕೊಡಿ. ಹೆಂಗಸರಿಗೂ. ಕೋಣಕ್ಕೆ ಹುರುಳಿ ಎಷ್ಟು ಬೇಕು ಎಂದು ಬಲ್ಲವರು ಕಂಬಳ ಎಷ್ಟು ಹೊತ್ತು ನಡೆಯಬೇಕು ಎಂದೂ ಹೇಳಬಲ್ಲರು.

ಒಂದೇ ಜೊತೆ ಸಾಕುವ ಸಣ್ಣ ಮನೆಗಳು ಈಗ ಹಿಂದೆ ಸರಿಯುತ್ತಿವೆ. ಭತ್ತದ ಗದ್ದೆ ಕಡಿಮೆಯಾಯಿತು, ಟಿಲ್ಲರ್ ಬಂತು, ಉಳುಮೆಗೆ ಕೋಣ ಬೇಡವಾಯಿತು. ಮನೆಯ ಎಮ್ಮೆಯ ಕರುವನ್ನೇ ಓಟಕ್ಕೆ ತಯಾರು ಮಾಡುತ್ತಿದ್ದ ಕಾಲ ಹೋಗಿ, ಘಟ್ಟದ ಮೇಲಿಂದ ಕೊಂಡು ತರುವ ಕಾಲ ಬಂದಿದೆ. ಎರಡು ದಿನದ ಕಂಬಳಕ್ಕೆ ಹತ್ತು ಮಂದಿಯನ್ನು ಕರೆದೊಯ್ದು, ಎರಡು ಹಗಲು ಒಂದು ರಾತ್ರಿ ಅಲ್ಲೇ ಇರಿಸಿ, ಲಾರಿ ಬಾಡಿಗೆ ಕೊಟ್ಟು, ಮೊದಲ ಸುತ್ತಿನಲ್ಲೇ ಸೋತು ಮರಳುವ ಶಕ್ತಿ ಎಷ್ಟು ಮನೆಗಳಿಗೆ ಇದೆ? ಕಂಬಳ ಹನ್ನೆರಡು ಗಂಟೆಯಲ್ಲಿ ಮುಗಿದರೆ ಆ ಖರ್ಚಿನ ಅರ್ಧ ಉಳಿಯುತ್ತದೆ. ಹೊತ್ತಿನ ಬಗ್ಗೆ ಇಷ್ಟು ಒತ್ತಿ ಬರೆದದ್ದು ಈ ಕಾರಣಕ್ಕೂ ಹೌದು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದದ್ದು ಹೊರನಾಡಿನ ನಮ್ಮವರಿಗೆ ಸಂತೋಷ ತಂದಿತು, ಸರಿ. ಆದರೆ ಕೋಣಗಳನ್ನು ಘಟ್ಟ ಹತ್ತಿಸಿ ನೂರಾರು ಕಿಲೋಮೀಟರ್ ಒಯ್ಯುವ ಹುರುಪಿನ ಒಂದಂಶ, ಪೂಕರೆ ಎಂಬ ಅಲಂಕರಿಸಿದ ಕಂಬ ನೆಟ್ಟು ಒಂದೇ ಕರೆಯಲ್ಲಿ ಊರಿನ ಕೋಣಗಳನ್ನಷ್ಟೇ ಇಳಿಸಿ ಸಂಜೆಯೊಳಗೆ ಮುಗಿಸುವ ಮನೆತನದ ಕಂಬಳಗಳ ಕಡೆಗೂ ಹರಿಯಲಿ. ಅಲ್ಲಿ ಬಹುಮಾನವಿಲ್ಲ, ಕ್ಯಾಮೆರಾ ಇಲ್ಲ. ಎಳೆಯ ಕೋಣ ಜನರ ನಡುವೆ ನಿಲ್ಲಲು ಕಲಿಯುವುದು, ಎಳೆಯ ಹುಡುಗರು ಮೂಗುದಾರ ಹಿಡಿಯಲು ಕಲಿಯುವುದು ಆ ಗದ್ದೆಗಳಲ್ಲೇ.

ಪಶುಪಾಲನಾ ಇಲಾಖೆಯವರಲ್ಲಿ ಎರಡು ಕೋರಿಕೆ. ಕರಾವಳಿಯಲ್ಲೇ ಹುಟ್ಟಿದ ಗಂಡು ಕರುವನ್ನು ಓಟಕ್ಕೆಂದು ಸಾಕುವ ಮನೆಗೆ ಮೊದಲ ಮೂರು ವರ್ಷ ಮೇವಿಗೆ ನೆರವು ಕೊಡಿ. ಓಟ ನಿಲ್ಲಿಸಿದ ಮುದಿ ಕೋಣವನ್ನು ಕೊನೆಯ ತನಕ ಹಟ್ಟಿಯಲ್ಲೇ ಇಟ್ಟುಕೊಳ್ಳುವ ಮನೆಗಳನ್ನು ಪಟ್ಟಿ ಮಾಡಿ, ಅಲ್ಲಿಗೆ ವರ್ಷಕ್ಕೆ ಎರಡು ಸಲವಾದರೂ ವೈದ್ಯರು ಹೋಗಿ ಬರಲಿ.

ಋತುವಿನ ದಿನಾಂಕ ಪಟ್ಟಿ ಗೊತ್ತುಪಡಿಸುವ ಸಭೆ ನೀವು ಕರೆಯುವಾಗ ಈ ಪತ್ರವನ್ನು ಓದಿಸಿ, ಪ್ರತಿ ಕೋರಿಕೆಗೂ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬರಹದಲ್ಲಿ ಉತ್ತರಿಸಬೇಕಾಗಿ ವಿನಂತಿ. ಕುದಿ ಓಡಿಸಲು ಹೊರಡುವ ಮೊದಲು ಉತ್ತರ ಕೈಸೇರಿದರೆ ಈ ಸಲದ ನೋಂದಣಿ ಚೀಟಿಯಲ್ಲೇ ‘ಸಾಕಿದವರು’ ಎಂಬ ಜಾಗವನ್ನು ತುಂಬಿ ಕಳುಹಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಓಟದ ಕೋಣ ಸಾಕುವ ಮನೆಗಳವರು ಮತ್ತು ಹಟ್ಟಿಯ ಕೆಲಸದವರು